ಸೊಂಟದ ಅಳತೆ ಬರೆದುಕೊಂಡ ಮೇಲೆ

ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಆರೋಗ್ಯ ಶಿಬಿರ ಇಟ್ಟುಕೊಂಡಿದ್ದರು. ಓದುಬರಹ ಅಷ್ಟಾಗಿ ರೂಢಿಯಿಲ್ಲದವರಿಗೆ ಫಾರ್ಮ್ ತುಂಬಿಕೊಡಲು ನಾಲ್ಕಾರು ಜನ ಬೇಕು ಎಂದು ಕರೆದಿದ್ದರು, ಹೋಗಿದ್ದೆ. ಊಟದ ಹಾಲ್‌ನಲ್ಲೇ ಮೇಜು ಹಾಕಿದ್ದರು. ನನ್ನೆದುರು ಬಂದು ಕೂತ ಹೆಂಗಸಿಗೆ ಮೂವತ್ತೈದರ ಆಸುಪಾಸು. ಲೈನ್‌ನಿಂದ ನೇರ ಎದ್ದು ಬಂದಿದ್ದರು, ಕೊರಳಲ್ಲಿ ಅಳತೆಯ ಟೇಪು ಹಾಗೇ ಜೋತಾಡುತ್ತಿತ್ತು.

ಫಾರ್ಮ್ ಕನ್ನಡದಲ್ಲೇ ಇತ್ತು. ‘ನೀವು ವಾರದಲ್ಲಿ ಎಷ್ಟು ದಿನ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆಯಲ್ಲಿ ತೊಡಗಿಸಿಕೊಳ್ಳುತ್ತೀರಿ?’ ಎಂದು ಓದಿದೆ.

“ಹಂಗಂದ್ರೇನು ಮೇಡಂ?”

“ವ್ಯಾಯಾಮ ಏನಾದ್ರೂ ಮಾಡ್ತೀರಾ ಅಂತ.”

ಅವರು ಸ್ವಲ್ಪ ಯೋಚಿಸಿದರು. “ನಾಲ್ಕೂವರೆಗೆ ಏಳ್ತೀನಿ. ನೀರು ಹಿಡಿದು, ಅಡುಗೆ ಮುಗಿಸಿ, ಮಕ್ಕಳಿಗೆ ಡಬ್ಬಿ ಕಟ್ಟಿ, ಬಸ್‌ಸ್ಟಾಪಿಗೆ ಓಡಿ ಬರ್ತೀನಿ. ಇಲ್ಲಿಗೆ ಬಂದ್ರೆ ಸಾಯಂಕಾಲದವರೆಗೂ ಮಿಷನ್ ಮುಂದೆ ಕೂತಿದ್ದೇ. ಇದನ್ನ ಮಾಡ್ತೀನಿ ಅಂತ ಬರ್ಕೋತೀರೋ, ಮಾಡಲ್ಲ ಅಂತಾನೋ?”

ಮುಂದಿನ ಪ್ರಶ್ನೆ, ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ ಎಂಬುದು. ಅವರು ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದರು. “ಕಮ್ಮೀನೇ ಕುಡಿಯೋದು. ಪದೇ ಪದೇ ಬಾತ್‌ರೂಮಿಗೆ ಎದ್ದು ಹೋದ್ರೆ ಪೀಸ್ ಬಾಕಿ ಬೀಳುತ್ತೆ, ಸೂಪರ್‌ವೈಸರ್ ಬೈತಾರೆ.” ಆ ಮಾತು ಬರೆಯಲು ಫಾರ್ಮ್‌ನಲ್ಲಿ ಜಾಗವಿರಲಿಲ್ಲ. ‘4ಕ್ಕಿಂತ ಕಡಿಮೆ’ ಎಂಬ ಚೌಕಕ್ಕೆ ಟಿಕ್ ಹಾಕಿದೆ. ಕೆಲವು ವಾರಗಳ ಮೇಲೆ ಬಂದ ವರದಿಗಳನ್ನು ಕಾರ್ಖಾನೆಯ ನರ್ಸ್ ತೋರಿಸಿದರು. ಆ ಹೆಂಗಸಿನ ಹಾಳೆಯಲ್ಲಿ ಅಚ್ಚಾಗಿದ್ದ ಸಲಹೆ: ದಿನಕ್ಕೆ ಕನಿಷ್ಠ 8 ಲೋಟ ನೀರು ಕುಡಿಯಿರಿ.

ಇಂಥ ಫಾರ್ಮ್‌ಗೆ ‘ಹೆಲ್ತ್ ರಿಸ್ಕ್ ಅಸೆಸ್‌ಮೆಂಟ್’ ಎಂದು ಹೆಸರು. ಕನ್ನಡದಲ್ಲಿ ಆರೋಗ್ಯದ ಅಪಾಯದ ಅಂದಾಜು ಎನ್ನೋಣ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇರುವವರಿಗೆ ಇದು ಗೊತ್ತು, ‘ವೆಲ್‌ನೆಸ್’ ಎಂಬ ತಲೆಬರಹದಲ್ಲಿ ವರ್ಷಕ್ಕೊಮ್ಮೆ ಮೇಲ್‌ನಲ್ಲಿ ಲಿಂಕ್ ಬರುತ್ತದೆ. ಈಗ ಕಾರ್ಖಾನೆಗಳಿಗೂ ಬರುತ್ತಿದೆ. ಮಾಸ್ಟರ್ ಚೆಕಪ್ ಮಾಡಿಸಿದರೆ ಈ ದಿನ ರಕ್ತದಲ್ಲಿ ಸಕ್ಕರೆ ಎಷ್ಟಿದೆ, ಬಿ.ಪಿ. ಎಷ್ಟಿದೆ ಎಂದು ತಿಳಿಯುತ್ತದೆ. ಈ ಅಂದಾಜಿನ ಉದ್ದೇಶ ಬೇರೆ. ಈಗ ಚೆನ್ನಾಗಿಯೇ ಇರುವ ಮನುಷ್ಯನಿಗೆ ಮುಂದೆ ಯಾವ ಕಾಯಿಲೆ ಬರುವ ಸಂಭವ ಎಷ್ಟು, ಅದರಲ್ಲಿ ತಗ್ಗಿಸಬಹುದಾದದ್ದು ಏನು ಎಂದು ಹೇಳುವುದು. ಮೊದಲು ಪ್ರಶ್ನೆಗಳು, ಆಮೇಲೆ ತೂಕ, ಸೊಂಟ, ಬಿ.ಪಿ. ಅಳತೆ, ಕೊನೆಗೆ ಇವೆಲ್ಲವನ್ನೂ ಕೂಡಿಸಿ ಆ ಮನುಷ್ಯನೊಡನೆ ಆಡುವ ಮಾತು. ಈ ಕೊನೆಯ ಭಾಗವೇ ನಮ್ಮಲ್ಲಿ ತೀರಾ ಸೊರಗಿದೆ.

ಇದರ ಬೇರು ಅಮೆರಿಕದಲ್ಲಿದೆ. ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ 5,209 ಜನರನ್ನು ಆರಿಸಿಕೊಂಡು, ಯಾರಿಗೆ ಹೃದ್ರೋಗ ಬರುತ್ತದೆ, ಬರುವವರಲ್ಲಿ ಮೊದಲೇ ಏನಿತ್ತು ಎಂದು ವರ್ಷಗಟ್ಟಲೆ ಗಮನಿಸಿದರು. ಸಿಗರೇಟು, ರಕ್ತದೊತ್ತಡ, ಕೊಲೆಸ್ಟರಾಲ್ ಇವುಗಳಿಗೂ ಹೃದಯಕ್ಕೂ ಇರುವ ನಂಟು ಗಟ್ಟಿಯಾಗಿ ಗೊತ್ತಾದದ್ದು ಅಲ್ಲಿಂದ. 1970ರಲ್ಲಿ ಲೂಯಿಸ್ ರಾಬಿನ್ಸ್ ಮತ್ತು ಜ್ಯಾಕ್ ಹಾಲ್ ಎಂಬ ವೈದ್ಯರು ಇಂಥ ತಿಳಿವಳಿಕೆಯನ್ನು ಒಬ್ಬೊಬ್ಬ ರೋಗಿಗೂ ಅನ್ವಯಿಸಿ ಲೆಕ್ಕ ಹಾಕುವ ಕೈಪಿಡಿ ಬರೆದರು. ಅದು ವೈದ್ಯರಿಗಾಗಿ ಬರೆದದ್ದು. ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಅವನ ಮನೆಮಠ ಗೊತ್ತಿರುವ ವೈದ್ಯರು ಬಳಸಲಿ ಎಂದು. ಆಮೇಲೆ ಕಂಪನಿಗಳೂ ಕಂಪ್ಯೂಟರೂ ಅದನ್ನು ಕೈಗೆತ್ತಿಕೊಂಡವು. ಫಾರ್ಮ್ ಉಳಿಯಿತು, ಎದುರು ಕೂತಿದ್ದ ವೈದ್ಯರು ಕಾಣೆಯಾದರು.

ಅಂದಾಜು ಹಾಕುವುದೇ ದಂಡ ಎಂದು ನಾನು ಹೇಳುತ್ತಿಲ್ಲ. ಅದು ಎಷ್ಟು ಸರಳವಾಗಿ, ಎಷ್ಟು ಉಪಯೋಗಕ್ಕೆ ಬರುವಂತೆ ಇರಬಹುದು ಎನ್ನುವುದಕ್ಕೆ ಪಕ್ಕದ ಚೆನ್ನೈನಲ್ಲೇ ಮಾದರಿಯಿದೆ. ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ‘ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್’ ನಾಲ್ಕೇ ಸಂಗತಿ ಕೇಳುತ್ತದೆ: ವಯಸ್ಸು, ಸೊಂಟದ ಸುತ್ತಳತೆ, ಮೈ ದಂಡಿಸುವ ಅಭ್ಯಾಸ, ತಂದೆತಾಯಿಗೆ ಸಕ್ಕರೆ ಕಾಯಿಲೆ ಇತ್ತೇ ಎಂಬುದು. ರಕ್ತ ತೆಗೆಯಬೇಕಿಲ್ಲ, ಒಂದು ಟೇಪು ಸಾಕು.

ಅಕೌಂಟ್ಸ್ ವಿಭಾಗದಲ್ಲಿರುವ 42 ವರ್ಷದ ಒಬ್ಬರನ್ನು ತೆಗೆದುಕೊಳ್ಳಿ. ವಯಸ್ಸು 35ರಿಂದ 49ರ ನಡುವೆ ಇರುವುದರಿಂದ 20 ಅಂಕ. ಸೊಂಟ 96 ಸೆಂ.ಮೀ.; ಗಂಡಸರಿಗೆ 90 ದಾಟಿದರೆ 10 ಅಂಕ (ಹೆಂಗಸರಿಗೆ ಈ ಮಿತಿ 80). ಕುರ್ಚಿಯ ಕೆಲಸ, ವ್ಯಾಯಾಮವೂ ಇಲ್ಲ, ಅದಕ್ಕೆ 30. ತಂದೆಗೆ ಸಕ್ಕರೆ ಕಾಯಿಲೆ ಇತ್ತು, ಅದಕ್ಕೆ 10. ಒಟ್ಟು 70. ನೂರಕ್ಕೆ 60 ಮುಟ್ಟಿದರೆ ಅಪಾಯ ಹೆಚ್ಚು ಎಂದರ್ಥ. ವಯಸ್ಸನ್ನೂ ತಂದೆಯಿಂದ ಬಂದದ್ದನ್ನೂ ಅವರು ಬದಲಿಸಲಾರರು. ದಿನವೂ ತಪ್ಪದೆ ವ್ಯಾಯಾಮ ಶುರುಮಾಡಿದರೆ 10 ಇಳಿದು 60ಕ್ಕೆ ಬರುತ್ತಾರೆ. ಸೊಂಟ 90ರ ಒಳಗೆ ಬಂದರೆ 50, ಮಧ್ಯಮ ಅಪಾಯ. ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಎರಡು ನಿಮಿಷದಲ್ಲಿ ಇಷ್ಟು ಸ್ಪಷ್ಟವಾಗಿ ತಿಳಿಸುವ ಸಾಧನ ಸಣ್ಣದೇನಲ್ಲ.

ಆದರೆ ಇದು ಅಂದಾಜು ಎನ್ನುವುದನ್ನು ಮರೆಯಬಾರದು. ಈ ಸ್ಕೋರ್ 60 ಮುಟ್ಟಿದವರನ್ನು ಆರಿಸಿದರೆ, ನಿಜಕ್ಕೂ ಸಕ್ಕರೆ ಕಾಯಿಲೆ ಇರುವ ನೂರು ಜನರಲ್ಲಿ ಸುಮಾರು 72 ಜನ ಸಿಗುತ್ತಾರೆ, ಉಳಿದವರು ತಪ್ಪಿಹೋಗುತ್ತಾರೆ. ಕಾಯಿಲೆ ಇಲ್ಲದ ನೂರು ಜನರಲ್ಲಿ ಸುಮಾರು 40 ಜನರಿಗೂ ಎಚ್ಚರಿಕೆ ಹೋಗುತ್ತದೆ. ‘ಅಪಾಯ ಹೆಚ್ಚು’ ಎಂದು ಬಂದರೆ ರಕ್ತ ಪರೀಕ್ಷೆ ಮಾಡಿಸಿ ಎಂದು ಅರ್ಥ, ಅಷ್ಟೆ. ಈ ಮಾತನ್ನು ಎದುರು ಕೂತು ಹೇಳುವವರಿಲ್ಲದೆ ಕೆಂಪಕ್ಷರದ ಹಾಳೆಯೊಂದನ್ನು ಕೈಗಿಟ್ಟರೆ ಕೆಲವರು ಹೆದರಿ ನಿದ್ದೆಗೆಡುತ್ತಾರೆ, ಇನ್ನು ಕೆಲವರು ಮಡಚಿ ಬ್ಯಾಗಿನಲ್ಲಿಟ್ಟು ಮರೆಯುತ್ತಾರೆ.

ಅಳತೆಯ ವಿಷಯಕ್ಕೂ ಒಂದು ಮಾತು. ಸೊಂಟವನ್ನು ಅಳೆಯಬೇಕಾದದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರು ಬಿಟ್ಟ ಮೇಲೆ. ಆ ಶಿಬಿರದಲ್ಲಿ ಸೀರೆಯ ನೆರಿಗೆ, ಲಂಗದ ಲಾಡಿ ಎಲ್ಲ ಸೇರಿಸಿ ಅಳೆಯುತ್ತಿದ್ದರು. ಬಿ.ಪಿ. ನೋಡುವ ಮೊದಲು ಐದು ನಿಮಿಷ ಸುಮ್ಮನೆ, ಕಾಲು ನೆಲಕ್ಕೂರಿ ಕೂರಬೇಕು. ಅಲ್ಲಿ ಎರಡು ಮಹಡಿ ಹತ್ತಿ ಬಂದು ಸಾಲಿನಲ್ಲಿ ನಿಂತವರ ತೋಳಿಗೆ ನೇರ ಪಟ್ಟಿ ಕಟ್ಟಿದರು. ಹಾಗೆ ಬಂದ ಅಂಕಿಯಿಂದ ಯಾವ ಅಂದಾಜು ಹಾಕಿದರೂ ಅದು ಆ ಹೆಂಗಸರದ್ದಲ್ಲ. ಪ್ರತಿ ಮೇಜಿನಲ್ಲೂ ಟೇಪು ಇರುವ, ಅರ್ಧ ಸೆಂಟಿಮೀಟರ್ ತಪ್ಪಿದರೆ ಪೀಸ್ ವಾಪಸ್ ಕಳಿಸುವ ಕಾರ್ಖಾನೆಯಲ್ಲಿ ಹೀಗಾಗಬಾರದಿತ್ತು.

ಟೇಪಿನ ಮಾತು ಬಂದಾಗ ಲಂಡನ್ ಬಸ್ಸಿನವರ ಪ್ಯಾಂಟಿನ ಕಥೆ ನೆನಪಾಗುತ್ತದೆ. ಕೆಲಸದ ಸ್ಥಳದ ಆರೋಗ್ಯದ ಬಗ್ಗೆ ಯೋಚಿಸುವವರೆಲ್ಲ ಇದನ್ನು ತಿಳಿದಿರಬೇಕು. ಜೆರ್ರಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ 1953ರಲ್ಲಿ ಲಂಡನ್‌ನ ಡಬಲ್ ಡೆಕ್ಕರ್ ಬಸ್ ನೌಕರರನ್ನು ಅಧ್ಯಯನ ಮಾಡಿ, ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದ್ರೋಗ ಕಡಿಮೆ ಎಂದು ತೋರಿಸಿದರು. ಮೈ ದಂಡಿಸಿದರೆ ಹೃದಯಕ್ಕೆ ಒಳ್ಳೆಯದು ಎನ್ನುವುದಕ್ಕೆ ಸಿಕ್ಕ ಮೊದಮೊದಲ ದೊಡ್ಡ ಪುರಾವೆ ಅದು. ಮಾರಿಸ್ ಅಲ್ಲಿಗೇ ನಿಲ್ಲಲಿಲ್ಲ. ನೌಕರರಿಗೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆಸಿ ನೋಡಿದರು. ಎಳೆಯ ವಯಸ್ಸಿನವರಲ್ಲೂ ಡ್ರೈವರ್‌ಗಳ ಪ್ಯಾಂಟಿನ ಸೊಂಟ ಕಂಡಕ್ಟರ್‌ಗಳದ್ದಕ್ಕಿಂತ ದೊಡ್ಡದಿತ್ತು. ಅಂದರೆ ವ್ಯತ್ಯಾಸದ ಒಂದು ಪಾಲನ್ನು ಅವರು ಕೆಲಸಕ್ಕೆ ಸೇರುವಾಗಲೇ ಹೊತ್ತು ತಂದಿದ್ದರು. 1956ರಲ್ಲಿ ತಮ್ಮ ಹಿಂದಿನ ತೀರ್ಮಾನಕ್ಕೆ ತೊಡಕಾಗುವ ಈ ಸಂಗತಿಯನ್ನು ತಾವೇ ಪ್ರಕಟಿಸಿದರು. ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಅಪಾರ ಗೌರವ.

ವೆಲ್‌ನೆಸ್ ಕಾರ್ಯಕ್ರಮಗಳ ಲೆಕ್ಕ ಕೆಡುವುದೂ ಹೀಗೆ ಮೊದಲೇ ಇದ್ದ ವ್ಯತ್ಯಾಸವನ್ನು ಮರೆತಾಗ. ನಮ್ಮ ಕಾರ್ಯಕ್ರಮಕ್ಕೆ ಬಂದವರ ಆರೋಗ್ಯ ಬಾರದವರಿಗಿಂತ ಚೆನ್ನಾಗಿದೆ ಎಂದು ಕಂಪನಿಗಳು ವರದಿ ಮಾಡುತ್ತವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸುಮಾರು 4,800 ನೌಕರರ ಮೇಲೆ 2016ರಲ್ಲಿ ಶುರುವಾದ ಅಧ್ಯಯನದಲ್ಲಿ ಚೀಟಿ ಎತ್ತಿದ ಹಾಗೆ ಕೆಲವರನ್ನು ಕಾರ್ಯಕ್ರಮಕ್ಕೆ ಸೇರಿಸಿ, ಕೆಲವರನ್ನು ಹೊರಗಿಟ್ಟರು. ಸೇರಿಸಿದವರಿಗೆ ಅಪಾಯದ ಫಾರ್ಮ್, ಅಳತೆ, ವ್ಯಾಯಾಮ ತರಗತಿ ಎಲ್ಲವೂ ಇತ್ತು. ಎರಡು ಗುಂಪನ್ನೂ ಇಡಿಯಾಗಿ ಹೋಲಿಸಿದಾಗ ವೈದ್ಯಕೀಯ ಖರ್ಚಿನಲ್ಲಾಗಲಿ ರಜೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಸಕ್ತಿಯಿಂದ ಬಂದು ಪಾಲ್ಗೊಂಡವರು ಮೊದಲಿನಿಂದಲೂ ಆರೋಗ್ಯವಂತರಾಗಿದ್ದರು. 2019ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಅಧ್ಯಯನ, ಬಿಜೆಸ್ ಎಂಬ ಅಂಗಡಿಗಳ ಸರಪಳಿಯ ಸುಮಾರು 33,000 ನೌಕರರದ್ದು. ವ್ಯಾಯಾಮ ಮಾಡುತ್ತೇವೆ ಎಂದು ಹೇಳಿದವರು ಹೆಚ್ಚಾದರು, ಬಿ.ಪಿ., ಕೊಲೆಸ್ಟರಾಲ್, ಖರ್ಚು ಮಾತ್ರ ಕದಲಲಿಲ್ಲ.

ನಮ್ಮ ಶಿಬಿರಗಳಿಗೆ ಯಾರು ಬರುವುದಿಲ್ಲ ಎಂದು ನೋಡಿ. ರಾತ್ರಿ ಪಾಳಿಯ ಕ್ಯಾಬ್ ಡ್ರೈವರ್ ಬರುವುದಿಲ್ಲ. ಗೇಟಿನ ಸೆಕ್ಯೂರಿಟಿಯವರು ಜಾಗ ಬಿಟ್ಟು ಬರುವಂತಿಲ್ಲ. ಶಿಬಿರಕ್ಕೆ ಕುರ್ಚಿ ಹಾಕಿ, ಆಮೇಲೆ ನೆಲ ಒರೆಸುವ ಹೌಸ್‌ಕೀಪಿಂಗ್ ಹೆಂಗಸರ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ, ಅವರು ಕಾಂಟ್ರ್ಯಾಕ್ಟ್‌ನವರು. ಬಿ.ಪಿ. ಇದೆ ಎಂಬ ಅನುಮಾನ ಒಳಗೊಳಗೇ ಇರುವವರೂ ತಪ್ಪಿಸಿಕೊಳ್ಳುತ್ತಾರೆ. ಬರುವವರು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದವರು.

ಹಾಗಾದರೆ ಫಾರ್ಮ್ ಬಿಟ್ಟುಬಿಡಬೇಕೇ? ಅಮೆರಿಕದ ಸಮುದಾಯ ರೋಗತಡೆ ಸೇವೆಗಳ ಕಾರ್ಯಪಡೆ ಈ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಜಾಲಾಡಿದೆ. ಅಪಾಯ ಅಂದಾಜು ಮಾಡಿ ವರದಿ ಕೊಟ್ಟು ಸುಮ್ಮನಾದರೆ ಪ್ರಯೋಜನವಿದೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಅದರ ಬೆನ್ನಿಗೇ ಆರೋಗ್ಯ ಶಿಕ್ಷಣವನ್ನೂ ಜೋಡಿಸಿದರೆ ಮಾಡಬಹುದು ಎಂದು ಅದು ಶಿಫಾರಸು ಮಾಡಿದೆ. ಮ್ಯಾನೇಜ್‌ಮೆಂಟ್‌ನವರು ದುಡ್ಡಿನ ಲೆಕ್ಕ ಕೇಳುತ್ತಾರೆ, ಅದೂ ಇದೆ. ಪೆಪ್ಸಿಕೊ ಕಂಪನಿಯ ಏಳು ವರ್ಷಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಈಗಾಗಲೇ ಕಾಯಿಲೆ ಇರುವ ನೌಕರರ ಆರೈಕೆಗೆ ಹಾಕಿದ ಒಂದು ಡಾಲರ್‌ಗೆ ಮೂರೂವರೆಗೂ ಮೇಲೆ ಉಳಿತಾಯವಾಗಿತ್ತು. ಬರೀ ಜೀವನಶೈಲಿ ತಿದ್ದುವ ಭಾಗಕ್ಕೆ ಹಾಕಿದ ಡಾಲರ್‌ನಲ್ಲಿ ಅರ್ಧವೂ ದಾಟಿ ಬಂದಿರಲಿಲ್ಲ. ಬಿ.ಪಿ. ಇದೆ ಎಂದು ಗೊತ್ತಾದವರ ಕೈಹಿಡಿಯುವುದೇ ಮುಖ್ಯ ಕೆಲಸ, ಫಾರ್ಮ್ ಆ ಕೈ ಹುಡುಕುವ ದಾರಿ.

ನಮ್ಮ ಆಶಾ ಕಾರ್ಯಕರ್ತೆಯರು 30 ದಾಟಿದವರ ಮನೆಗಳಿಗೆ ತರುವ, ಸಿ-ಬ್ಯಾಕ್ ಎಂಬ ಸರ್ಕಾರಿ ಅಪಾಯದ ಅಂದಾಜಿನ ಫಾರ್ಮ್ ಈ ದೃಷ್ಟಿಯಿಂದ ಎಷ್ಟೋ ಮೇಲು. ಅಂಕ 4 ದಾಟಿದರೆ ಆ ವ್ಯಕ್ತಿಯನ್ನು ತಪಾಸಣೆಗೆ ಮೊದಲು ಕರೆದೊಯ್ಯಬೇಕು ಎಂದು ಫಾರ್ಮ್‌ನಲ್ಲೇ ಇದೆ. ಅದು ಬರೀ ಸಿಗರೇಟು ಕೇಳಿ ಬಿಡುವುದಿಲ್ಲ, ಗುಟ್ಕಾ, ಖೈನಿಯನ್ನೂ ಕೇಳುತ್ತದೆ. ಹೊರದೇಶದ ನಕಲಿನ ಫಾರ್ಮ್‌ನಲ್ಲಿ ‘ಧೂಮಪಾನ ಮಾಡುತ್ತೀರಾ’ ಎಂದಷ್ಟೇ ಇದ್ದರೆ, ಎಲೆ ಅಡಿಕೆಯ ಜತೆ ಹೊಗೆಸೊಪ್ಪು ಹಾಕುವ ನಮ್ಮ ಹೆಂಗಸರು ‘ಇಲ್ಲ’ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ. ಸಿ-ಬ್ಯಾಕ್ ಇನ್ನೂ ಮುಂದೆ ಹೋಗಿ ಅಡುಗೆಗೆ ಸೌದೆಯೋ ಗ್ಯಾಸೋ, ಹೊಗೆ ಧೂಳಿರುವ ಇಟ್ಟಿಗೆ ಗೂಡಿನಂಥ ಕಡೆ ಕೆಲಸವೋ ಎಂದೂ ವಿಚಾರಿಸುತ್ತದೆ. ಸರ್ಕಾರದ ಫಾರ್ಮ್ ಮನೆಬಾಗಿಲಲ್ಲಿ ನಿಂತು ಕೆಲಸದ ಬಗ್ಗೆ ಕೇಳುತ್ತದೆ. ಕೆಲಸದ ಜಾಗದಲ್ಲೇ ಕೊಡುವ ಫಾರ್ಮ್ ಕೆಲಸದ ಬಗ್ಗೆ ಚಕಾರ ಎತ್ತುವುದಿಲ್ಲ. ನನ್ನ ದೊಡ್ಡ ತಕರಾರು ಇದೇ.

2024ರ ನವೆಂಬರ್‌ನಲ್ಲಿ ಬೆಂಗಳೂರಿನ ಬಿಎಂಟಿಸಿ ಬಸ್ಸಿನ ಡ್ರೈವರ್ ಒಬ್ಬರು ಬಸ್ ಓಡಿಸುತ್ತಿರುವಾಗಲೇ ಹೃದಯಾಘಾತದಿಂದ ಕುಸಿದರು. ಕಂಡಕ್ಟರ್ ನುಗ್ಗಿ ಬಂದು ಸ್ಟೀರಿಂಗ್ ಹಿಡಿದು ಬಸ್ ನಿಲ್ಲಿಸಿದ ವಿಡಿಯೊವನ್ನು ನಾಡೆಲ್ಲ ನೋಡಿತು. ಡ್ರೈವರ್‌ಗಳ ಸೊಂಟ ಅಳೆಯಬೇಕು, ಸಂಶಯವಿಲ್ಲ. ಅದೇ ಹಾಳೆಯಲ್ಲಿ ಒಂದೇ ಸಮನೆ ಎಷ್ಟು ಗಂಟೆ ಟ್ರಾಫಿಕ್‌ನಲ್ಲಿ ಕೂತಿದ್ದೀರಿ, ಟ್ರಿಪ್‌ಗಳ ನಡುವೆ ಊಟಕ್ಕೆ ಎಷ್ಟು ನಿಮಿಷ ಸಿಕ್ಕಿತು ಎಂದೂ ಕೇಳಬೇಕು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಹೇಳಿವೆ. ಇದೇ ರಾಜ್ಯದಲ್ಲಿ 2024ರಲ್ಲಿ ಐಟಿ ನೌಕರರ ದಿನದ ಕೆಲಸವನ್ನು 14 ಗಂಟೆವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಿತ್ತು, ನೌಕರರ ಸಂಘಟನೆ ವಿರೋಧಿಸಿತು. ಹನ್ನೆರಡು ಗಂಟೆ ದುಡಿಸಿಕೊಂಡು ‘ನಿಮ್ಮ ನಿದ್ದೆ ಸಾಲದು’ ಎಂದು ವರದಿ ಕೊಡುವ ಕಂಪನಿ ತನ್ನ ಪಾಲಿನ ಅಪಾಯವನ್ನು ನೌಕರರ ತಲೆಗೆ ಕಟ್ಟುತ್ತಿದೆ.

ಇನ್ನು ಗುಟ್ಟಿನ ವಿಚಾರ. ನನ್ನ ಪರಿಚಯದ ಒಬ್ಬರು ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾ ಐದು ವರ್ಷವಾಯಿತು. ಆಫೀಸಿನ ಫಾರ್ಮ್‌ನಲ್ಲಿ ‘ಯಾವ ಔಷಧವೂ ಇಲ್ಲ’ ಎಂದು ಬರೆದರು. ಅದು ಅಪ್ರೈಸಲ್ ತಿಂಗಳು, ಲಿಂಕ್ ಬಂದದ್ದು ಎಚ್.ಆರ್. ವಿಳಾಸದಿಂದ. ಅವರನ್ನು ತಪ್ಪುಗಾರರೆಂದು ನಾನು ಹೇಳಲಾರೆ. ಭಯವಿದ್ದಲ್ಲಿ ನಿಜ ಬರೆಯುವುದಿಲ್ಲ, ನಿಜವಿಲ್ಲದ ಫಾರ್ಮ್‌ನಿಂದ ಅಂದಾಜು ಹುಟ್ಟುವುದಿಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯ 2013ರಲ್ಲಿ ಇಂಥ ಫಾರ್ಮ್ ತುಂಬದವರ ಸಂಬಳದಲ್ಲಿ ತಿಂಗಳಿಗೆ 100 ಡಾಲರ್ ಹಿಡಿಯುತ್ತೇವೆ ಎಂದು ಹೇಳಿತು. ಗರ್ಭ ಧರಿಸುವ ಯೋಚನೆ ಇದೆಯೇ ಎಂಬಂಥ ಪ್ರಶ್ನೆಗಳು ಅದರಲ್ಲಿದ್ದವು. ಅಧ್ಯಾಪಕರು ತಿರುಗಿಬಿದ್ದರು, ಕೆಲವೇ ತಿಂಗಳಲ್ಲಿ ದಂಡ ಕೈಬಿಡಬೇಕಾಯಿತು.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆರೋಗ್ಯದ ಮಾಹಿತಿಗೆ ವಿಶೇಷ ವರ್ಗವೆಂಬುದಿಲ್ಲ. ಉದ್ಯೋಗದ ಉದ್ದೇಶಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆ ಕೇಳದೆ ಬಳಸಲು ಅದರ ಏಳನೇ ಸೆಕ್ಷನ್ ಅವಕಾಶ ಕೊಡುತ್ತದೆ. ಆದ್ದರಿಂದ ಕಾನೂನಿನ ಮೇಲೆ ಭಾರ ಹಾಕಿ ಕೂರುವಂತಿಲ್ಲ. ಹೆಸರಿರುವ ವರದಿ ನೌಕರರಿಗೂ ವೈದ್ಯರಿಗೂ ಮಾತ್ರ ಸಿಗಬೇಕು, ಕಂಪನಿಗೆ ಹೋಗುವುದು ಒಟ್ಟು ಲೆಕ್ಕ ಮಾತ್ರ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಕಂಪನಿಗೆ ಬೇಕಾದ ಮಾಹಿತಿ ಕೂಡ ಅದೇ. ಮೂರನೇ ಫ್ಲೋರ್‌ನಲ್ಲಿ ಮೂತ್ರದ ಸೋಂಕು ಯಾಕೆ ಹೆಚ್ಚು ಎಂದು ತಿಳಿಯಲು ಯಾರ ಹೆಸರೂ ಬೇಡ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 40 ದಾಟಿದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು ಕೇಂದ್ರ ಸರ್ಕಾರ ಹೇಳಿದೆ. ಒಳ್ಳೆಯ ಹೆಜ್ಜೆ, ಆದರೆ ಗಾರ್ಮೆಂಟ್ಸ್ ಲೈನ್‌ನಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಇನ್ನೂ 40 ಆಗಿರುವುದಿಲ್ಲ. 15ರಿಂದ 49 ವರ್ಷದ ನಮ್ಮ ರಾಜ್ಯದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಾನು ತುಂಬಿಕೊಟ್ಟ ಫಾರ್ಮ್‌ನಲ್ಲಿ ರಕ್ತಹೀನತೆಯ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ. ತಲೆ ಸುತ್ತು ಬರುತ್ತಾ ಎಂದು ನಾನಾಗಿ ಕೇಳಿದ್ದಕ್ಕೆ ಆ ಹೆಂಗಸು, “ಬರುತ್ತೆ ಮೇಡಂ, ಎಲ್ಲರಿಗೂ ಬರಲ್ವಾ?” ಅಂದರು. ಅವರ ಸಂಬಳದಿಂದ ಪ್ರತಿ ತಿಂಗಳೂ ಇಎಸ್‌ಐಗೆ ದುಡ್ಡು ಕಡಿತವಾಗುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಹೋಗಿ ಬರಲು ಒಂದು ದಿನ ಬೇಕು, ಒಂದು ದಿನ ಹೋದರೆ ಹಾಜರಾತಿ ಭತ್ಯೆ ಹೋಗುತ್ತದೆ.

ಫಾರ್ಮ್ ನಿಮ್ಮ ಮೇಜಿಗೆ ಬಂದಾಗ ತುಂಬಿ, ನಿಜವನ್ನೇ ಬರೆಯಿರಿ. ಅದಕ್ಕೂ ಮೊದಲು ಇದನ್ನು ಯಾರು ಓದುತ್ತಾರೆ, ಅಪಾಯ ಕಂಡರೆ ನನ್ನನ್ನು ಯಾರು ಕರೆಯುತ್ತಾರೆ ಎಂದು ಕೇಳಿ. ಶಿಬಿರ ಏರ್ಪಡಿಸುವ ಮ್ಯಾನೇಜರುಗಳಲ್ಲಿ ಒಂದು ಕೋರಿಕೆ: ಮುಂದಿನ ಶಿಬಿರಕ್ಕೆ ದಿನ ಗೊತ್ತುಮಾಡುವ ಮೊದಲು, ಕಳೆದ ಸಲದ ಪಟ್ಟಿಯಲ್ಲಿ ಅಪಾಯ ಹೆಚ್ಚು ಎಂದು ಬಂದವರಲ್ಲಿ ಎಷ್ಟು ಜನ ವೈದ್ಯರನ್ನು ಕಂಡರು, ಕಾಣಲು ಅವರಿಗೆ ಸಂಬಳದ ರಜೆ ಸಿಕ್ಕಿತೇ ಎಂದು ದಯವಿಟ್ಟು ವಿಚಾರಿಸಿ.